ಕೈಯ ಜೋಮಿಗೆ ಕುತ್ತಿಗೆಯಲ್ಲಿ ಮೂಲ

ಬೇಸಾಯದ ಉಪಕರಣಗಳ ವಿಷಯದಲ್ಲಿ ರೈತರು ಸಾಮಾನ್ಯವಾಗಿ ಎಚ್ಚರಿಕೆಯುಳ್ಳವರು. ನೇಗಿಲಿನ ಗುಳ ಸವೆದರೆ ಅದನ್ನು ಕೂಡಲೆ ಕುಲುಮೆಗೆ ಕಳುಹಿಸುವರು. ಪಂಪಿನ ಸದ್ದು ಬದಲಾದರೆ ಆ ದಿನವೇ ಬಿಚ್ಚಿಸಿ ನೋಡುವರು. ಎತ್ತಿನ ಹೆಗಲು ಬಾತುಕೊಂಡರೆ ನೊಗವನ್ನಿಳಿಸಿ, ಅದು ಗುಣವಾಗುವವರೆಗೆ ಕೊಟ್ಟಿಗೆಯಲ್ಲಿ ನಿಲ್ಲಿಸುವರು. ಆದರೆ ಈ ಉಪಕರಣಗಳನ್ನೆಲ್ಲ ಹಿಡಿದು ನಡೆಸತಕ್ಕ ಮನುಷ್ಯನ ಕೈ ಜೋಮು ಹಿಡಿದಾಗ ಮಾತ್ರ, ಅದು ವಾಯುವಿನ ದೋಷ, ತಾನಾಗಿಯೇ ಹೋಗುವುದು ಎಂದು ಹೇಳಿ, ಅದೇ ಕೈಗೆ ಕುಡುಗೋಲನ್ನೂ ಅದೇ ತಲೆಗೆ ಹೊರೆಯನ್ನೂ ಮತ್ತೆ ಕೊಡುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ.

ಎಲೆ ಬಾಡಿದಾಗ ಎಲೆಯ ಮೇಲೆಯೇ ನೀರು ಚಿಮುಕಿಸುವ ರೈತನಿಲ್ಲ. ಆತನು ಬುಡವನ್ನು ಕೆದಕಿ ಬೇರನ್ನು ನೋಡುವನು. ಕೈಯ ಜೋಮಿನ ವಿಷಯದಲ್ಲಿಯೂ ಹೀಗೆಯೇ ನಡೆಯಬೇಕಾಗಿದೆ. ಬೆರಳಿನಲ್ಲಿ ಜೋಮು, ತೋಳಿನಲ್ಲಿ ಸೆಳೆತ, ಮುಷ್ಟಿಯಲ್ಲಿ ನಿಶ್ಶಕ್ತಿ ಇವುಗಳ ಬೇರು ಬಹು ಸಂದರ್ಭಗಳಲ್ಲಿ ಕೈಯಲ್ಲಿರದೆ ಕುತ್ತಿಗೆಯಲ್ಲಿರುವುದು. ಈ ಸಂಗತಿಯನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿದ್ದರೆ, ದುಡಿಯುವ ಅನೇಕರ ಕೈಗಳು ನಿಷ್ಪ್ರಯೋಜಕವಾಗದಂತೆ ತಡೆಯಲು ಸಾಧ್ಯವಾಗುವುದು. ಏಕೆಂದರೆ ಹಳ್ಳಿಯಲ್ಲಿ ಯಾರು ಎಷ್ಟು ಹೊರಬೇಕು, ಯಾರು ಎಂದು ವಿಶ್ರಮಿಸಬೇಕು, ಯಾರನ್ನು ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ಬಹುಮಟ್ಟಿಗೆ ಅವರ ಮಾತಿನಿಂದಲೇ ನಿಶ್ಚಯವಾಗುವುದು.

ಕುತ್ತಿಗೆಯ ರಚನೆ

ಮನುಷ್ಯನ ಕುತ್ತಿಗೆಯಲ್ಲಿ ಒಂದರ ಮೇಲೊಂದಾಗಿ ೭ ಎಲುಬಿನ ಮಣಿಗಳಿವೆ. ಎರಡನೆಯ ಮಣಿಯಿಂದ ಕೆಳಕ್ಕೆ ಪ್ರತಿ ಎರಡು ಮಣಿಗಳ ನಡುವೆ ಒಂದೊಂದು ಮೆತ್ತೆಯುಂಟು. ಇದನ್ನು ವೈದ್ಯರು ಡಿಸ್ಕ್ ಎಂದು ಕರೆಯುವರು. ಮೆತ್ತೆಯ ಹೊರಭಾಗವು ನಾರಿನ ಪದರಗಳನ್ನು ಒತ್ತಾಗಿ ಸುತ್ತಿದಂತೆ ಗಟ್ಟಿಯಾಗಿಯೂ, ಒಳಗಿನ ತಿರುಳು ನೀರಿನಂಶದಿಂದ ತುಂಬಿ ಮೃದುವಾಗಿಯೂ ಇರುವುದು. ತಲೆಯನ್ನು ಬಗ್ಗಿಸಲು, ಎತ್ತಲು, ತಿರುಗಿಸಲು ಅನುಕೂಲ ಮಾಡಿಕೊಡುವುದೂ, ಮೇಲಿನಿಂದ ಬೀಳುವ ಭಾರವನ್ನು ತಾಳಿಕೊಳ್ಳುವುದೂ ಈ ಮೆತ್ತೆಗಳ ಕೆಲಸ.

ಮಣಿಗಳ ಹಿಂಭಾಗದ ಕೊಳವೆಯಂಥ ದಾರಿಯಲ್ಲಿ ಮೆದುಳಿನಿಂದ ಹೊರಟ ಬೆನ್ನುಹುರಿಯು ಇಳಿದು ಹೋಗುವುದು. ಕುತ್ತಿಗೆಯ ಮಟ್ಟದಲ್ಲಿ ಅದರಿಂದ ೮ ಜೊತೆ ನರಗಳು ಎಡಕ್ಕೂ ಬಲಕ್ಕೂ ಕವಲೊಡೆಯುತ್ತವೆ. ಇವುಗಳಲ್ಲಿ ಕೆಳಗಿನವು ಭುಜ, ತೋಳು, ಅಂಗೈ, ಬೆರಳುಗಳಿಗೆ ಹರಿದು ಶಕ್ತಿಯನ್ನೂ ಸ್ಪರ್ಶಜ್ಞಾನವನ್ನೂ ಕೊಡುವುವು. ಬೆನ್ನುಹುರಿಯನ್ನು ದೊಡ್ಡ ನಾಲೆಯೆಂದೂ ನರಗಳನ್ನು ಅದರಿಂದ ಹೊರಡುವ ಕಿರುಗಾಲುವೆಗಳೆಂದೂ ಭಾವಿಸಬಹುದು. ಪ್ರತಿಯೊಂದು ಕಿರುಗಾಲುವೆಯೂ ಮಣಿಗಳ ಸಂದಿನಲ್ಲಿರುವ ಕಿರಿದಾದ ತೂಬಿನ ಮೂಲಕವೇ ಹೊರಬರಬೇಕು. ಆ ತೂಬಿನ ಪಕ್ಕದಲ್ಲಿಯೇ ಮೆತ್ತೆಯಿರುವುದು.

ಮೆತ್ತೆಯ ಹೊರಗಿನ ನಾರು ಸವೆದು ಬಿರುಕು ಬಿಟ್ಟಾಗ ಒಳಗಿನ ತಿರುಳು ಹೊರಕ್ಕೆ ಉಬ್ಬಿಬರುವುದು ಅಥವಾ ಜಾರಿಬರುವುದು. ಅದು ತೂಬಿನ ಬಾಯಿಯಲ್ಲಿ ನರವನ್ನು ಒತ್ತುವುದಲ್ಲದೆ, ತನ್ನ ಸಾರದಿಂದ ನರಕ್ಕೆ ಉರಿಯನ್ನೂ ಬಾವನ್ನೂ ಉಂಟುಮಾಡುವುದು. ತೂಬು ಕಟ್ಟಿದರೆ ನಾಲೆಯ ಕೊನೆಯ ಗದ್ದೆ ಒಣಗುವಂತೆ, ಒತ್ತಡವು ಕುತ್ತಿಗೆಯಲ್ಲಿದ್ದರೂ ಜೋಮು ಕಾಣಿಸುವುದು ಬೆರಳಿನ ತುದಿಯಲ್ಲಿ. ಕೊನೆಯ ಗದ್ದೆಯಲ್ಲಿ ನಿಂತು ಎಷ್ಟು ಅಗೆದರೂ ನೀರು ಬಾರದು. ಅಂತೆಯೇ ಬೆರಳಿಗೆ ಎಷ್ಟು ಎಣ್ಣೆ ತಿಕ್ಕಿದರೂ ಈ ಜೋಮು ಹೋಗುವುದಿಲ್ಲ.

ಈ ಜ್ಞಾನವು ಬಂದ ಬಗೆ

ಬೆನ್ನಿನ ಮೆತ್ತೆಯು ಜಾರಿ ನರವನ್ನು ಒತ್ತುವುದೆಂಬ ಸಂಗತಿಯನ್ನು ಅಮೆರಿಕದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ೧೯೩೪ ರಲ್ಲಿ ಪ್ರಕಟಪಡಿಸಿದರು. ಅದು ಮುಖ್ಯವಾಗಿ ಸೊಂಟದ ವಿಷಯವಾಗಿದ್ದಿತು. ಕುತ್ತಿಗೆಯ ವಿಷಯದಲ್ಲಿ ಸೆಮ್ಸ್ ಮತ್ತು ಮರ್ಫಿ ಎಂಬವರು ೧೯೪೩ ರಲ್ಲಿ ನಾಲ್ವರು ರೋಗಿಗಳ ವೃತ್ತಾಂತವನ್ನು ವರದಿ ಮಾಡಿದರು. ಆ ನಾಲ್ವರ ಬಾಧೆಯು ಹೃದ್ರೋಗದಂತೆ ತೋರಿದ್ದರೂ, ನಿಜವಾದ ಕಾರಣವು ಕುತ್ತಿಗೆಯ ಆರನೆಯ ಮೆತ್ತೆಯು ಏಳನೆಯ ನರವನ್ನು ಒತ್ತಿದುದೇ ಆಗಿದ್ದಿತು. ಮರುವರ್ಷ, ೧೯೪೪ ರಲ್ಲಿ, ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬವರು ಭುಜ ಮತ್ತು ತೋಳುಗಳ ನೋವಿಗೆ ಇದೊಂದು ಸಾಮಾನ್ಯ ಕಾರಣವೆಂದು ತೋರಿಸಿಕೊಟ್ಟರು. ತಲೆಯನ್ನು ನೋವಿನ ಕಡೆಗೆ ಬಾಗಿಸಿ ಮೃದುವಾಗಿ ಒತ್ತಿದಾಗ ಕೈಗೆ ಸೆಳೆತ ಬರುವುದನ್ನು ಕಂಡು ರೋಗವನ್ನು ಗುರುತಿಸುವ ಕ್ರಮವು ಸ್ಪರ್ಲಿಂಗರ ಹೆಸರಿನಲ್ಲಿಯೇ ಇಂದಿಗೂ ನಡೆದು ಬಂದಿದೆ. ಇದು ವೈದ್ಯರು ಮಾಡತಕ್ಕ ಪರೀಕ್ಷೆಯೇ ಹೊರತು ಮನೆಯಲ್ಲಿ ಮಾಡತಕ್ಕದ್ದಲ್ಲ.

ಸಾಧಾರಣ ಕ್ಷಕಿರಣ ಚಿತ್ರದಲ್ಲಿ ಎಲುಬು ಕಾಣುವುದೇ ಹೊರತು ಮೆತ್ತೆಯಾಗಲಿ ನರವಾಗಲಿ ಕಾಣುವುದಿಲ್ಲ. ೧೯೮೦ ರ ದಶಕದಿಂದ ಬಳಕೆಗೆ ಬಂದ ಎಂ.ಆರ್.ಐ. ಚಿತ್ರದಲ್ಲಿ ಅವೆರಡೂ ಸ್ಪಷ್ಟವಾಗಿ ಕಾಣುವುವು. ಆದರೂ ಯಾವ ಬಾಧೆಯೂ ಇಲ್ಲದವರ ಚಿತ್ರದಲ್ಲಿಯೂ ಉಬ್ಬಿದ ಮೆತ್ತೆಗಳು ಕಂಡುಬರುವುದುಂಟು. ಆದಕಾರಣ ಚಿತ್ರವೊಂದನ್ನೇ ನೋಡಿ ಹೆದರತಕ್ಕದ್ದಲ್ಲ. ರೋಗಿಯ ಲಕ್ಷಣಗಳೂ ಚಿತ್ರವೂ ಒಂದಕ್ಕೊಂದು ತಾಳೆಯಾಗಬೇಕು.

ಬೆರಳುಗಳು ಕೊಡುವ ಸುಳಿವು

ಯಾವ ನರವು ಸಿಕ್ಕಿಬಿದ್ದಿದೆಯೆಂಬುದಕ್ಕೆ ಬೆರಳುಗಳೇ ಸಾಕ್ಷಿ ನುಡಿಯುತ್ತವೆ. ಕುತ್ತಿಗೆಯ ಐದನೆಯ ಮತ್ತು ಆರನೆಯ ಮಣಿಗಳ ನಡುವೆ ತೊಂದರೆಯಾದರೆ ಆರನೆಯ ನರವು ಒತ್ತಲ್ಪಟ್ಟು, ಹೆಬ್ಬೆರಳಿನಲ್ಲಿಯೂ ತೋರುಬೆರಳಿನಲ್ಲಿಯೂ ಜೋಮು ತೋರುವುದು. ಮೊಣಕೈ ಮಡಿಸಿ ಎತ್ತುವ ಶಕ್ತಿಯೂ ಮಣಿಕಟ್ಟನ್ನು ಮೇಲಕ್ಕೆತ್ತುವ ಶಕ್ತಿಯೂ ಕುಗ್ಗುವುದು. ಆರನೆಯ ಮತ್ತು ಏಳನೆಯ ಮಣಿಗಳ ನಡುವೆಯಾದರೆ ಏಳನೆಯ ನರವು ಒತ್ತಲ್ಪಟ್ಟು, ನಡುಬೆರಳಿನಲ್ಲಿ ಜೋಮು ತೋರುವುದು. ತೋಳನ್ನು ನೀಡಿ ತಳ್ಳುವ ಶಕ್ತಿ ಕಡಿಮೆಯಾಗುವುದು. ಅದರ ಕೆಳಗಿನ ಎಂಟನೆಯ ನರವಾದರೆ ಕಿರುಬೆರಳು ಮತ್ತು ಉಂಗುರಬೆರಳು ಮರಗಟ್ಟುವುವು, ಹಿಡಿತ ಸಡಿಲವಾಗುವುದು. ಇವುಗಳ ಪೈಕಿ ಏಳನೆಯ ನರದ ತೊಂದರೆಯೇ ಹೆಚ್ಚಾಗಿ ಕಂಡುಬರತಕ್ಕದ್ದು. ಆರನೆಯದು ಅದರ ನಂತರ.

ಈ ಜೋಮಿನೊಡನೆ ಸಾಮಾನ್ಯವಾಗಿ ಕುತ್ತಿಗೆಯಿಂದಲೋ ಬೆನ್ನಿನ ರೆಕ್ಕೆಯೆಲುಬಿನ ಬಳಿಯಿಂದಲೋ ಹೊರಟು ತೋಳಿನುದ್ದಕ್ಕೂ ಇಳಿಯುವ ಸೆಳೆತವಿರುವುದು. ಕೆಮ್ಮಿದಾಗ, ಸೀನಿದಾಗ, ತಲೆಯೆತ್ತಿ ಮೇಲೆ ನೋಡಿದಾಗ ಅದು ಹೆಚ್ಚಾಗುವುದು. ಜೋಮು ಹಿಡಿದ ಕೈಯನ್ನೆತ್ತಿ ತಲೆಯ ಮೇಲಿಟ್ಟುಕೊಂಡಾಗ ಅನೇಕರಿಗೆ ಹಾಯೆನಿಸುವುದು, ಏಕೆಂದರೆ ಆಗ ನರದ ಬಿಗಿ ಸಡಿಲವಾಗುವುದು. ಕಣದಲ್ಲಿಯೋ ಜಗುಲಿಯಲ್ಲಿಯೋ ಒಬ್ಬನು ಪದೇ ಪದೇ ಕೈಯನ್ನು ತಲೆಯ ಮೇಲಿಟ್ಟುಕೊಂಡು ಕುಳಿತಿರುವುದು ಕಂಡರೆ, ಅದನ್ನು ಚಿಂತೆಯೆಂದಾಗಲಿ ಸೋಮಾರಿತನವೆಂದಾಗಲಿ ತಿಳಿಯದೆ, ಕೈಯಲ್ಲಿ ಜೋಮುಂಟೇ ಎಂದು ಒಮ್ಮೆ ಕೇಳುವುದು ಒಳ್ಳೆಯದು.

ಬೇರೆ ಕಾರಣಗಳೊಡನೆ ಭೇದ

ಕೈಯ ಜೋಮೆಲ್ಲವೂ ಕುತ್ತಿಗೆಯಿಂದಲೇ ಬರತಕ್ಕದ್ದಲ್ಲ. ಈ ಭೇದಗಳನ್ನು ತಿಳಿದಿರುವುದು ಅವಶ್ಯಕ.

ಮುಖದ ಒಂದು ಪಕ್ಕ ಸೊಟ್ಟಾಗಿ, ಮಾತು ತೊದಲಿ, ಒಂದು ಕಡೆಯ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತರೆ ಅದು ಪಾರ್ಶ್ವವಾಯು. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡತೋಳಿಗೆ ಇಳಿದರೆ ಹೃದಯದ ಆಘಾತವೆಂದೇ ಭಾವಿಸತಕ್ಕದ್ದು. ಇವೆರಡರಲ್ಲಿಯೂ ಒಂದು ನಿಮಿಷವನ್ನೂ ಕಳೆಯದೆ ೧೦೮ ಸಂಖ್ಯೆಯ ವಾಹನವನ್ನು ಕರೆಸಿ ಆಸ್ಪತ್ರೆಗೆ ಸಾಗಿಸಬೇಕು. ಇದು ಕುತ್ತಿಗೆಯ ನೋವಾಗಿರಬಹುದೆಂದು ಊಹಿಸಿಕೊಂಡು ಕಾಯತಕ್ಕದ್ದಲ್ಲ.

ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು, ಎದ್ದು ಕೈಯನ್ನು ಕೊಡವಿದರೆ ಸರಿಹೋಗುವುದಾದರೆ, ನರವು ಮಣಿಕಟ್ಟಿನಲ್ಲಿ ಸಿಕ್ಕಿಬಿದ್ದಿರುವ ಸಂಭವ ಹೆಚ್ಚು. ಹಾಲು ಕರೆಯುವುದು, ಕುಡುಗೋಲು ಹಿಡಿಯುವುದು ಮುಂತಾಗಿ ಮುಷ್ಟಿಯ ಕೆಲಸವನ್ನು ಬಹಳವಾಗಿ ಮಾಡುವವರಲ್ಲಿ ಇದನ್ನು ಕಾಣಬಹುದು. ಎರಡು ಪಾದಗಳಲ್ಲಿ ಮೊದಲು ಜೋಮು ತೋರಿ ಆಮೇಲೆ ಕೈಗಳಿಗೂ ಬಂದರೆ ಸಕ್ಕರೆ ಕಾಯಿಲೆಗಾಗಿ ರಕ್ತಪರೀಕ್ಷೆ ಮಾಡಿಸಬೇಕು. ಚರ್ಮದ ಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ ಕುಷ್ಠರೋಗವಾಗಿರಬಹುದು. ಇದನ್ನು ಮುಚ್ಚಿಡುವುದು ದೊಡ್ಡ ತಪ್ಪು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹು ಔಷಧಿ ಚಿಕಿತ್ಸೆಯಿಂದ ಅದು ಪೂರ್ತಿಯಾಗಿ ಗುಣವಾಗುವುದು. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮುಂದಿನ ಏರ್ಪಾಡು ಸುಲಭವಾಗುವುದು.

ಹೊರೆಗೂ ಈ ರೋಗಕ್ಕೂ ಇರುವ ಸಂಬಂಧ

ವಯಸ್ಸಾದಂತೆ ಮೆತ್ತೆಯ ನೀರಿನಂಶ ಕಡಿಮೆಯಾಗಿ ಅದು ಸವೆಯುವುದು ಸಹಜ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ರಾಚೆಸ್ಟರ್ ಪಟ್ಟಣದಲ್ಲಿ ೧೯೭೬ ರಿಂದ ೧೯೯೦ ರವರೆಗೆ ಕುತ್ತಿಗೆಯ ನರದ ಒತ್ತಡದಿಂದ ಬಾಧೆಪಟ್ಟ ೫೬೧ ಮಂದಿಯ ದಾಖಲೆಗಳನ್ನು ಪರಿಶೀಲಿಸಲಾಯಿತು. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ೮೩ ಮಂದಿಗೆ ಈ ಬಾಧೆ ಹೊಸದಾಗಿ ತಟ್ಟುತ್ತಿದ್ದಿತು. ಐವತ್ತು ವರ್ಷದ ಆಸುಪಾಸಿನವರಲ್ಲಿ ಅದು ಅತ್ಯಂತ ಹೆಚ್ಚಾಗಿದ್ದಿತು. ಭಾರದ ಕೆಲಸ ಅಥವಾ ಪೆಟ್ಟು ತಗುಲಿದ ಒಡನೆಯೇ ಪ್ರಾರಂಭವಾದುದು ನೂರರಲ್ಲಿ ಸುಮಾರು ೧೫ ಮಂದಿಗೆ ಮಾತ್ರ. ಉಳಿದವರಲ್ಲಿ ಇಂಥ ಒಂದು ನಿಮಿತ್ತವು ಕಂಡುಬರಲಿಲ್ಲ.

ಹೀಗಿರಲಾಗಿ ಹೊರೆಯೊಂದೇ ಈ ರೋಗಕ್ಕೆ ಕಾರಣವೆಂದು ಹೇಳಲಾಗದು. ಆದರೂ ಹೊರೆಯನ್ನು ನಿರಪರಾಧಿಯೆಂದು ಬಿಟ್ಟುಬಿಡುವಂತಿಲ್ಲ. ತಲೆಯ ಮೇಲೆ ಭಾರ ಹೊರುವುದು ವಾಡಿಕೆಯಾಗಿರುವ ಆಫ್ರಿಕ ಖಂಡದಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಗಮನಿಸಿದ್ದಾರೆ. ಹೊರೆಯಾಳುಗಳ ಕುತ್ತಿಗೆಗೆ ಒದಗುವ ಹಾನಿಯನ್ನು ಕುರಿತು ೧೯೬೮ ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಲೇಖನ ಬಂದಿತು. ೧೯೯೭ ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯಲ್ಲಿ, ತಲೆಹೊರೆ ಹೊರುವವರ ಕುತ್ತಿಗೆಯ ಮಣಿಗಳು ಹೊರದವರ ಮಣಿಗಳಿಗಿಂತ ಬಹಳ ಹೆಚ್ಚಾಗಿ ಸವೆದಿರುವುದು ಕ್ಷಕಿರಣ ಚಿತ್ರಗಳಿಂದ ತಿಳಿದುಬಂದಿತು.

ಲೆಕ್ಕವನ್ನು ಸುಲಭವಾಗಿ ನೋಡಬಹುದು. ಮನುಷ್ಯನ ತಲೆಯು ಸುಮಾರು ೫ ಕಿಲೋಗ್ರಾಮು ತೂಗುವುದು. ಕುತ್ತಿಗೆಯು ಹುಟ್ಟಿನಿಂದ ಹೊತ್ತಿರುವ ಭಾರ ಅಷ್ಟೇ. ಅದರ ಮೇಲೆ ೫೦ ಕಿಲೋಗ್ರಾಮಿನ ಗೊಬ್ಬರದ ಮೂಟೆಯನ್ನಿಟ್ಟರೆ ಒಂದು ಕುತ್ತಿಗೆಯು ಹನ್ನೊಂದು ತಲೆಗಳನ್ನು ಹೊತ್ತಂತಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ ರಲ್ಲಿ ಮಾಡಿದ ಶಿಫಾರಸಿನಲ್ಲಿ, ಪ್ರಾಪ್ತವಯಸ್ಕನಾದ ಪುರುಷನು ಕೈಯಿಂದ ಸಾಗಿಸತಕ್ಕ ಭಾರವು ೫೫ ಕಿಲೋಗ್ರಾಮನ್ನು ಮೀರುವಲ್ಲಿ ಅದನ್ನು ಆದಷ್ಟು ಬೇಗ ಕಡಿಮೆ ಮಾಡಬೇಕೆಂದೂ, ಸ್ತ್ರೀಯರಿಗೆ ಇದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಹೇಳಿದೆ. ಹಸಿ ಹುಲ್ಲಿನ ಹೊರೆ, ಸೌದೆಯ ಹೊರೆ, ಗೊಬ್ಬರದ ಮಂಕರಿ ಇವುಗಳನ್ನು ಹೊರುವವರಲ್ಲಿ ಬಹುಪಾಲು ಸ್ತ್ರೀಯರೇ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಹೊರೆಗಳನ್ನು ಯಾರೂ ತೂಗಿ ನೋಡಿರುವುದಿಲ್ಲ.

ತಲೆಯನ್ನು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಮೇಲೆ ನೋಡುವುದರಿಂದಲೂ ನರದ ತೂಬು ಕಿರಿದಾಗುವುದು. ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರೂ, ದೋಟಿಯಿಂದ ಗೊನೆ ಇಳಿಸುವವರೂ ದಿನವೆಲ್ಲ ಹೀಗೆ ನಿಲ್ಲಬೇಕಾಗುವುದು. ೧೬ ಲೀಟರು ಹಿಡಿಯುವ ಸಿಂಪರಣೆಯ ಡಬ್ಬವನ್ನು ಬೆನ್ನಿಗೆ ಕಟ್ಟಿಕೊಂಡರೆ ನೀರಿನ ಭಾರವೇ ೧೬ ಕಿಲೋಗ್ರಾಮಾಗಿ ಭುಜದ ಪಟ್ಟಿಗಳ ಮೇಲೆ ಬೀಳುವುದು. ಬೀಡಿ ಸಿಗರೇಟುಗಳ ಸೇವನೆಯೂ ಮೆತ್ತೆಗಳ ಸವಕಳಿಗೆ ಸಹಾಯಕವೆಂದು ವೈದ್ಯರು ಹೇಳುವರು.

ಗುಣವಾಗುವ ಬಗೆ

ಇಷ್ಟೆಲ್ಲ ಕೇಳಿದವರು ಧೈರ್ಯಗೆಡಬೇಕಾದುದಿಲ್ಲ. ಹೊರಗೆ ಜಾರಿದ ತಿರುಳನ್ನು ದೇಹವು ಕಾಲಕ್ರಮದಲ್ಲಿ ತಾನೇ ಕರಗಿಸಿಕೊಳ್ಳುವುದುಂಟು. ನರದ ಬಾವು ಇಳಿಯುವುದು. ನೋವು ಮೊದಲು ಹೋಗುವುದು. ಜೋಮು ನಿಧಾನವಾಗಿ ಹಿಂದೆ ಸರಿಯುವುದು. ಮೇಲೆ ಹೇಳಿದ ರಾಚೆಸ್ಟರಿನ ೫೬೧ ಮಂದಿಯಲ್ಲಿ ಸುಮಾರು ನೂರಕ್ಕೆ ೨೬ ಮಂದಿಗೆ ಮಾತ್ರ ಶಸ್ತ್ರಚಿಕಿತ್ಸೆಯಾಯಿತು. ಕೊನೆಯ ಸಲ ವಿಚಾರಿಸಿದಾಗ ನೂರಕ್ಕೆ ೯೦ ಮಂದಿಯಲ್ಲಿ ಬಾಧೆಯೇ ಇರಲಿಲ್ಲ, ಇಲ್ಲವೆ ಅತ್ಯಲ್ಪವಾಗಿದ್ದಿತು.

ನೆದರ್‌ಲೆಂಡ್ಸ್ ದೇಶದಲ್ಲಿ ಹೊಸದಾಗಿ ಈ ರೋಗ ಬಂದ ೨೦೫ ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವು ೨೦೦೯ ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೂರರಿಂದ ಆರು ವಾರ ಕುತ್ತಿಗೆಯ ಪಟ್ಟಿಯನ್ನೂ ವಿಶ್ರಾಂತಿಯನ್ನೂ ವಿಧಿಸಲಾಯಿತು. ಕೆಲವರಿಗೆ ಅಂಗಸಾಧನೆಯ ಚಿಕಿತ್ಸೆ ಕೊಡಲಾಯಿತು. ಇನ್ನು ಕೆಲವರಿಗೆ ಎಂದಿನಂತೆ ಇರಲು ಹೇಳಲಾಯಿತು. ಮೊದಲಿನ ಎರಡು ಗುಂಪಿನವರಿಗೆ ಆರು ವಾರಗಳಲ್ಲಿ ನೋವು ಬೇಗ ಇಳಿಯಿತು. ಆರು ತಿಂಗಳಾಗುವ ಹೊತ್ತಿಗೆ ಮೂರು ಗುಂಪಿನವರ ಸ್ಥಿತಿಯೂ ಹೆಚ್ಚು ಕಡಿಮೆ ಸಮವಾಗಿದ್ದು, ಬಹುಮಂದಿಗೆ ನೋವು ಇಲ್ಲದಂತಾಗಿದ್ದಿತು. ಕಾಲವೂ ಮಿತವಾದ ವಿಶ್ರಾಂತಿಯೂ ಇಲ್ಲಿ ಮುಖ್ಯವಾದ ಔಷಧಗಳೆಂಬುದು ಇದರಿಂದ ಸ್ಪಷ್ಟವಾಗುವುದು.

ಆದಕಾರಣ ರೋಗಿಯು ಮೊದಲು ವೈದ್ಯರಿಗೆ ತೋರಿಸಿ ನೋವಿನ ಔಷಧವನ್ನು ಅವರ ಸಲಹೆಯಂತೆ ತೆಗೆದುಕೊಳ್ಳತಕ್ಕದ್ದು. ಅಂಗಡಿಯಿಂದ ತಂದ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಯುಂಟು. ಹೊರೆ ಹೊರುವುದನ್ನೂ, ತಲೆಯೆತ್ತಿ ಮಾಡುವ ಕೆಲಸವನ್ನೂ ಕನಿಷ್ಠ ಪಕ್ಷ ಆರು ವಾರಗಳ ಕಾಲ ನಿಲ್ಲಿಸಬೇಕು. ಹಾಗೆಂದು ಹಾಸಿಗೆ ಹಿಡಿದು ಮಲಗುವುದೂ ಸರಿಯಲ್ಲ, ನಡೆದಾಡುತ್ತಿರಬೇಕು. ಮಲಗುವಾಗ ಕುತ್ತಿಗೆ ನೇರವಾಗಿರುವಷ್ಟು ಎತ್ತರದ ಒಂದೇ ದಿಂಬನ್ನಿಟ್ಟುಕೊಂಡು, ಬೋರಲಾಗಿ ಮಲಗುವುದನ್ನು ಬಿಡಬೇಕು. ನೋವು ಇಳಿದ ಮೇಲೆ ಕುತ್ತಿಗೆ ಮತ್ತು ಭುಜಗಳ ಮಾಂಸಖಂಡಗಳನ್ನು ಬಲಪಡಿಸುವ ಸಾಧನೆಗಳನ್ನು ತಿಳಿದವರಿಂದ ಕಲಿತು ಮಾಡಬೇಕು.

ಮಾಡಬಾರದ ಕೆಲಸಗಳು

ಕ್ಷೌರದ ಅಂಗಡಿಗಳಲ್ಲಿ ತಲೆಯನ್ನು ಹಿಡಿದು ಫಕ್ಕನೆ ತಿರುಗಿಸಿ ಕುತ್ತಿಗೆಯ ನೆಟಿಗೆ ಮುರಿಯುವ ಪದ್ಧತಿಯುಂಟು. ಅದರಿಂದ ಹಗುರವಾದಂತೆ ತೋರಿದರೂ, ಮೆತ್ತೆ ಜಾರಿರುವವನಿಗೆ ಇದು ಅತ್ಯಂತ ಅಪಾಯಕರ. ಜಾರಿದ ತಿರುಳು ಬೆನ್ನುಹುರಿಯ ಮೇಲೆ ಬೀಳಬಹುದು. ಕುತ್ತಿಗೆಯ ಮಣಿಗಳೊಳಗಿಂದ ಮೆದುಳಿಗೆ ಏರುವ ರಕ್ತನಾಳವು ಒಳಗೇ ಸೀಳಿ ಪಾರ್ಶ್ವವಾಯು ಬಂದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಹೀಗೆಯೇ ಕುತ್ತಿಗೆಯನ್ನು ಬಲವಾಗಿ ತಿಕ್ಕಿಸುವುದೂ, ಭಾರ ಕಟ್ಟಿ ಎಳೆಸುವುದೂ ಕೂಡದು.

ವಾಯುವೆಂದು ಬರೆ ಹಾಕಿಸುವುದರಿಂದ ಒಳಗಿನ ನರಕ್ಕೆ ಯಾವ ಪ್ರಯೋಜನವೂ ಇಲ್ಲ. ಹೊರಗೆ ಹುಣ್ಣೊಂದು ಹೆಚ್ಚಾಗುವುದಷ್ಟೆ. ಸ್ಪರ್ಶಜ್ಞಾನವಿಲ್ಲದ ಬೆರಳಿಗೆ ಬಿಸಿನೀರಿನ ಶಾಖ ಕೊಡುವಾಗಲೂ ಎಚ್ಚರಿಕೆ ಬೇಕು. ಬಿಸಿ ತಿಳಿಯದೆ ಚರ್ಮ ಸುಟ್ಟು ಹೋಗುವುದುಂಟು.

ಜೋಮು ಹಿಡಿದ ಕೈಯನ್ನು ಯಂತ್ರದ ಬಳಿಗೆ ಬಿಡತಕ್ಕದ್ದೇ ಅಲ್ಲ. ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಒಕ್ಕಣೆಯ ಯಂತ್ರ ಇವುಗಳಲ್ಲಿ ಬೆರಳು ಎಷ್ಟು ಒಳಕ್ಕೆ ಹೋಯಿತೆಂಬುದನ್ನು ತಿಳಿಸತಕ್ಕದ್ದು ಬೆರಳಿನ ಸ್ಪರ್ಶವೇ. ಅದಿಲ್ಲದವನು ಕಣ್ಣು ಬೇರೆಡೆಗೆ ತಿರುಗಿದ ಕ್ಷಣದಲ್ಲಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವನು. ಅಡಕೆ ತೆಂಗುಗಳ ಮರ ಹತ್ತುವವನಿಗೆ ಹಿಡಿತ ಸಡಿಲವಾದರೆ ಪ್ರಾಣಕ್ಕೇ ಅಪಾಯ. ಇಂಥವನು ತನಗೆ ಜೋಮುಂಟೆಂದು ಹೇಳಿದ ದಿನವೇ ಅವನನ್ನು ಮರದಿಂದಿಳಿಸುವುದು ಜಮೀನುದಾರನ ಧರ್ಮ.

ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕಾದ ಲಕ್ಷಣಗಳು

ಆರು ವಾರ ಕಾಯಬಹುದೆಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ತಿರುಳು ಪಕ್ಕದ ನರದ ಮೇಲೆ ಬೀಳದೆ ನಡುವಿನ ಬೆನ್ನುಹುರಿಯ ಮೇಲೆಯೇ ಬಿದ್ದರೆ, ಕಿರುಗಾಲುವೆಯ ಬದಲು ದೊಡ್ಡ ನಾಲೆಯೇ ಕಟ್ಟಿದಂತಾಗುವುದು. ಇದರಲ್ಲಿ ನೋವು ಅಷ್ಟಾಗಿ ಇಲ್ಲದಿರಬಹುದು. ಆದಕಾರಣವೇ ಇದು ಕಣ್ಣು ತಪ್ಪಿಸಿ ಬೆಳೆಯುವುದು. ಈ ಕೆಳಗಿನ ಲಕ್ಷಣಗಳನ್ನು ಪ್ರತಿಯೊಬ್ಬ ಮುಖಂಡನೂ ತಿಳಿದಿರತಕ್ಕದ್ದು:

೧. ಎರಡು ಕೈಗಳೂ ಒಡ್ಡಾಗಿ, ಗುಂಡಿ ಹಾಕಲು, ಕಾಳು ಹೆಕ್ಕಲು, ರುಜು ಹಾಕಲು ಆಗದಿರುವುದು.

೨. ನಡೆಯುವಾಗ ಕಾಲು ಬಿಗಿದು ಎಡವುವುದು. ಗದ್ದೆಯ ಬದುವಿನ ಮೇಲೆ ಮೊದಲಿನಂತೆ ನಡೆಯಲಾಗದಿರುವುದು.

೩. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ವಿದ್ಯುತ್ತು ಹರಿದಂತಾಗುವುದು.

೪. ಮಲಮೂತ್ರಗಳ ಮೇಲಿನ ಹತೋಟಿ ತಪ್ಪುವುದು.

೫. ತೋಳಿನ ಅಥವಾ ಮುಷ್ಟಿಯ ಶಕ್ತಿ ದಿನೇ ದಿನೇ ಕುಗ್ಗುವುದು, ಮಾಂಸ ಇಳಿಯುವುದು.

೬. ಕುತ್ತಿಗೆಯ ನೋವಿನೊಡನೆ ಜ್ವರವಿದ್ದು ಮೈ ಇಳಿಯುವುದು. ಇದು ಬೆನ್ನೆಲುಬಿನ ಕ್ಷಯವೇ ಮೊದಲಾದ ರೋಗಗಳ ಸೂಚನೆಯಾಗಿರಬಹುದು.

೭. ಮರದಿಂದಲೋ ಬಂಡಿಯಿಂದಲೋ ಬಿದ್ದ ಮೇಲೆ ಕೈಕಾಲುಗಳಲ್ಲಿ ಜೋಮು ತೋರುವುದು. ಬಿದ್ದವನನ್ನು ಎತ್ತಿ ಕೂರಿಸದೆ, ತಲೆ ಅಲುಗದಂತೆ ಎರಡು ಪಕ್ಕಗಳಲ್ಲಿ ಬಟ್ಟೆಯ ಸುರುಳಿಗಳನ್ನಿಟ್ಟು, ವಾಹನ ಬರುವವರೆಗೆ ಹಾಗೆಯೇ ಮಲಗಿಸಿರಬೇಕು. ಸಾಗಿಸುವಾಗ ಹಲಗೆಯ ಮೇಲೆಯೇ ಸಾಗಿಸಬೇಕು.

ಇವುಗಳಲ್ಲಿ ಯಾವುದೊಂದು ಕಂಡರೂ ಜಿಲ್ಲಾ ಆಸ್ಪತ್ರೆಗಾಗಲಿ, ಬೆಂಗಳೂರಿನ ನಿಮ್ಹಾನ್ಸಿನಂಥ ನರರೋಗಗಳ ಸಂಸ್ಥೆಗಾಗಲಿ ಕಳುಹಿಸಬೇಕು. ಬೆನ್ನುಹುರಿಯು ಬಹುಕಾಲ ಒತ್ತಲ್ಪಟ್ಟಿದ್ದರೆ ಆಮೇಲೆ ಒತ್ತಡವನ್ನು ತೆಗೆದರೂ ಹೋದ ಶಕ್ತಿಯೆಲ್ಲ ಮರಳಿ ಬಾರದು. ಕುತ್ತಿಗೆಯ ಮುಂಭಾಗದಿಂದ ಹೋಗಿ ಕೆಟ್ಟ ಮೆತ್ತೆಯನ್ನು ತೆಗೆದು ಎರಡು ಮಣಿಗಳನ್ನು ಬೆಸೆಯುವ ಶಸ್ತ್ರಕ್ರಿಯೆಯನ್ನು ಅಮೆರಿಕದಲ್ಲಿ ಸ್ಮಿತ್ ಮತ್ತು ರಾಬಿನ್ಸನ್ ಎಂಬವರೂ, ಬೇರೆಯಾಗಿ ಕ್ಲೋವರ್ಡ್ ಎಂಬವರೂ ೧೯೫೮ ರಲ್ಲಿ ವಿವರಿಸಿದರು. ಅದೇ ಮಾರ್ಗವು ಸುಧಾರಣೆಗೊಂಡು ಇಂದಿಗೂ ನಡೆಯುತ್ತಿದೆ. ಮೇಲಿನ ಲಕ್ಷಣಗಳಿರುವವರಿಗೂ, ಆರರಿಂದ ಹನ್ನೆರಡು ವಾರಗಳಾದರೂ ನೋವು ಇಳಿಯದವರಿಗೂ ವೈದ್ಯರು ಇದನ್ನು ಯೋಚಿಸುವರು.

ಮುಖಂಡರೂ ಜಮೀನುದಾರರೂ ಮಾಡಬಹುದಾದುದು

ಮೊದಲನೆಯದಾಗಿ, ಹೊರೆಯನ್ನು ತಲೆಯಿಂದ ಚಕ್ರಕ್ಕೆ ವರ್ಗಾಯಿಸಬೇಕು. ಒಂದು ಚಕ್ರದ ತಳ್ಳುಗಾಡಿಯಿದ್ದರೆ ಕೊಟ್ಟಿಗೆಯಿಂದ ತಿಪ್ಪೆಗೆ, ಕಣದಿಂದ ಮನೆಗೆ ಆಗುವ ಸಾಗಾಟವೆಲ್ಲ ಕುತ್ತಿಗೆಯ ಮೇಲಿಂದ ಇಳಿಯುವುದು. ಬಂಡಿ ಹೋಗುವಷ್ಟು ದಾರಿಯನ್ನು ಹೊಲದವರೆಗೆ ಮಾಡಿಕೊಳ್ಳುವುದು ಊರಿನವರು ಸೇರಿದರೆ ಕಷ್ಟವಲ್ಲ.

ಎರಡನೆಯದಾಗಿ, ಹೊರಲೇಬೇಕಾದಲ್ಲಿ ಹೊರೆಯನ್ನು ಚಿಕ್ಕದು ಮಾಡಬೇಕು. ದೊಡ್ಡ ಮೂಟೆಯನ್ನು ಎರಡು ಮಾಡಿದರೆ ಒಂದು ಸಲದ ಬದಲು ಎರಡು ಸಲ ಹೋಗಬೇಕಾಗುವುದು ನಿಜ. ಆದರೆ ಆ ವೇಳೆಯ ನಷ್ಟವು, ನುರಿತ ಆಳೊಬ್ಬನು ಸುಗ್ಗಿಯ ನಡುವೆ ಕೈ ಸೋತು ಕುಳಿತರೆ ಆಗುವ ನಷ್ಟದ ಮುಂದೆ ಅಲ್ಪ. ತಲೆಗೆ ಸಿಂಬೆಯನ್ನಿಟ್ಟರೂ ಅದು ನೆತ್ತಿಯ ಚರ್ಮವನ್ನು ಕಾಪಾಡುವುದೇ ಹೊರತು ಕುತ್ತಿಗೆಯ ಭಾರವನ್ನು ಕಡಿಮೆ ಮಾಡದು. ಹೊರೆಯನ್ನು ಎತ್ತುವಾಗಲೂ ಇಳಿಸುವಾಗಲೂ ಇಬ್ಬರಿರಬೇಕು. ಹೊರೆಹೊತ್ತು ಕುತ್ತಿಗೆ ತಿರುಗಿಸಬಾರದು, ಮೈಯನ್ನೇ ತಿರುಗಿಸಬೇಕು. ತೋಟಗಳಲ್ಲಿ ಮೇಲೆ ನೋಡಿ ಮಾಡುವ ಕೆಲಸವನ್ನು ಇಬ್ಬರಿಗೆ ಹಂಚಿ ಸರದಿಯ ಮೇಲೆ ಮಾಡಿಸುವುದು ಉತ್ತಮ.

ಮೂರನೆಯದಾಗಿ, ಜೋಮು ಹಿಡಿದವನಿಗೆ ಕೂಲಿ ತಪ್ಪದಂತೆ ನೋಡಿಕೊಳ್ಳಬೇಕು. ಕೂಲಿ ತಪ್ಪುವುದೆಂಬ ಭಯದಿಂದಲೇ ಅನೇಕರು ಜೋಮನ್ನು ಮರೆಮಾಚಿ ಹೊರೆಗೆ ತಲೆಯೊಡ್ಡುವರು. ಹಕ್ಕಿ ಕಾಯುವುದು, ನೀರು ತಿರುಗಿಸುವುದು, ದನ ಮೇಯಿಸುವುದು, ಒಕ್ಕಣೆಯ ಲೆಕ್ಕವಿಡುವುದು ಮುಂತಾದ ಹಗುರ ಕೆಲಸಗಳು ಪ್ರತಿಯೊಂದು ಜಮೀನಿನಲ್ಲಿಯೂ ಇದ್ದೇ ಇರುತ್ತವೆ. ಆರು ವಾರ ಇಂಥ ಕೆಲಸ ಕೊಟ್ಟರೆ ಆತನು ಅನ್ನಕ್ಕೂ ಎರವಾಗದೆ ಕೈಯನ್ನೂ ಉಳಿಸಿಕೊಳ್ಳುವನು.

ನಾಲ್ಕನೆಯದಾಗಿ, ಊರಿನಲ್ಲಿ ಯಾರಿಗಾದರೂ ಕೈ ಜೋಮು ಹಿಡಿದಿದೆಯೆಂದು ತಿಳಿದಾಗ ಮುಖಂಡರು ಮೂರು ಪ್ರಶ್ನೆಗಳನ್ನು ಕೇಳಬಹುದು: ಯಾವ ಬೆರಳು? ಹಿಡಿತ ಹೇಗಿದೆ? ನಡಿಗೆ ಹೇಗಿದೆ? ಮೊದಲನೆಯದಕ್ಕೆ ಬಂದ ಉತ್ತರದಿಂದ ರೋಗದ ಬೇರು ಎಲ್ಲಿರಬಹುದೆಂಬುದು ತಿಳಿಯುವುದು. ಎರಡನೆಯದರಿಂದ ಆತನಿಗೆ ಯಾವ ಕೆಲಸ ಕೊಡಬಾರದೆಂಬುದು ತಿಳಿಯುವುದು. ಮೂರನೆಯದರಿಂದ ಆತನನ್ನು ನಾಳೆ ಕಳುಹಿಸಬೇಕೇ ಈ ದಿನವೇ ಕಳುಹಿಸಬೇಕೇ ಎಂಬುದು ತಿಳಿಯುವುದು. ಇದಕ್ಕೆ ಖರ್ಚೇನೂ ಇಲ್ಲ.

ಎತ್ತಿನ ಹೆಗಲು ಬಾತರೆ ನೊಗವಿಳಿಸುವ ವಿವೇಕವು ಈ ನಾಡಿನ ರೈತನಿಗೆ ಹೊಸದಲ್ಲ. ಬಾವು ಹೊರಗೆ ಕಾಣುವುದರಿಂದ ಆತನಿಗೆ ಕರುಣೆ ಬರುವುದು. ಮನುಷ್ಯನ ಕುತ್ತಿಗೆಯೊಳಗಿನ ಬಾವು ಹೊರಗೆ ಕಾಣುವುದಿಲ್ಲ. ಬೆರಳಿನ ಜೋಮಿನ ಮೂಲಕ ಮಾತ್ರ ಅದು ಹೇಳಿಕೊಳ್ಳುವುದು. ಆ ಮಾತನ್ನು ಕೇಳಿ ಸಕಾಲದಲ್ಲಿ ಹೊರೆಯನ್ನಿಳಿಸಿದರೆ, ಮುಂದಿನ ಸುಗ್ಗಿಗೆ ಅದೇ ಕೈ ಕುಡುಗೋಲು ಹಿಡಿಯುವುದು.